ದೇಹದಾರ್ಢ್ಯವೂ ಯಕೃತ್ತೂ: ಒಂದು ವಿಚಾರ

ವ್ಯಾಕರಣ, ಛಂದಸ್ಸುಗಳ ಪಾಠ ಹೇಳುವ ಕನ್ನಡ ಪಂಡಿತನೊಬ್ಬನು ಯಕೃತ್ತಿನ ವಿಷಯವಾಗಿ ಲೇಖನ ಬರೆಯಹೊರಟರೆ ವಾಚಕರು ಹುಬ್ಬೇರಿಸುವುದು ಸಹಜ. ಆದರೆ ನಮ್ಮ ಸೀಮೆಯಲ್ಲಿ ಇದಕ್ಕೆ ಪೂರ್ವಪರಂಪರೆಯ ಆಧಾರವುಂಟು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಮಠವನ್ನು ವರ್ಣಿಸುವ ೧೧೬೨ನೆಯ ಇಸವಿಯ ಶಾಸನವು, ಕೌಮಾರ, ಪಾಣಿನೀಯ, ಶಾಕಟಾಯನಾದಿ ವ್ಯಾಕರಣಗಳ ವ್ಯಾಖ್ಯಾನಸ್ಥಾನವೆಂದು ಆ ಮಠವನ್ನು ಕೊಂಡಾಡಿ, ದೀನಾನಾಥರಿಗೆ ಅನ್ನವೂ ರೋಗಿಗಳಿಗೆ ಚಿಕಿತ್ಸೆಯೂ ದೊರೆಯುತ್ತಿದ್ದ ಸ್ಥಾನವೆಂದೂ ಹೇಳುತ್ತದೆ. ವ್ಯಾಕರಣ ಕಲಿಸುವ ಜಗಲಿಗೂ ರೋಗಿ ಮಲಗುವ ಜಗಲಿಗೂ ನಡುವೆ ಗೋಡೆಯೆಬ್ಬಿಸಿದವರು ನಾವೇ ಹೊರತು ನಮ್ಮ ಹಿರಿಯರಲ್ಲ. ನಾನು ವೈದ್ಯನಲ್ಲ, ವೈದ್ಯಮಿತ್ರರಿಂದ ಕೇಳಿ, ಗ್ರಂಥಗಳಿಂದ ಓದಿ ತಿಳಿದುದನ್ನು ಉಪಾಧ್ಯಾಯ ಬಂಧುಗಳ, ಹಳೆಯ ವಿದ್ಯಾರ್ಥಿಗಳ ಮತ್ತು ದಾನಿಗಳ ಮುಂದಿಡುತ್ತಿದ್ದೇನೆ.

ಪ್ರಕೃತ ವಿಷಯವಿಷ್ಟು. ಶಿಕಾರಿಪುರ, ಸೊರಬ, ಶಿರಾಳಕೊಪ್ಪ, ಆನವಟ್ಟಿಗಳಂತಹ ಊರುಗಳ ಹುಡುಗರಿಗೂ ಈಗ ಕನ್ನಡಿಗಳ ಗೋಡೆಯ ಜಿಮ್ಮು ಹೊಸತಲ್ಲ. ವ್ಯಾಯಾಮವನ್ನು ನಾನು ದೂರುವವನಲ್ಲ. ಕೆಮ್ಮಣ್ಣಿನ ಮಟ್ಟಿ, ಮೂಲೆಯಲ್ಲೊಬ್ಬ ಹನುಮಂತ, ದಂಡ, ಬಸ್ಕಿ, ಗದೆ, ಹಾಲು, ಬಾದಾಮಿ ಇವಿಷ್ಟರಿಂದ ಮೈ ಬೆಳೆಸಿದ ಗರಡಿಯ ಸಂಪ್ರದಾಯ ನಮ್ಮದು. ಬಳ್ಳಿಗಾವೆಯ ಸೀಮೆಯನ್ನಾಳಿದ ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೇ ಒಂದು ಪ್ರಕರಣವಿದೆ; ಮಲ್ಲರನ್ನು ವಯಸ್ಸು, ದೇಹ, ಬಲಗಳಿಂದ ವಿಂಗಡಿಸಿ, ಅವರ ಅಭ್ಯಾಸವನ್ನೂ ಆಹಾರವನ್ನೂ ರಾಜನೇ ವಿಚಾರಿಸಿದ್ದಾನೆ. ದೀಪಾವಳಿಯ ಹಿಂದುಮುಂದಿನ ಹೋರಿ ಬೆದರಿಸುವ ಹಬ್ಬಕ್ಕೆ ಹೋರಿಯನ್ನು ಸಿದ್ಧಪಡಿಸುವ ನಮ್ಮ ರೈತನನ್ನು ಕೇಳಿ ನೋಡಿ. ಹಿಂಡಿ, ಹುರುಳಿಗಳನ್ನು ವರ್ಷವಿಡೀ ಅಳೆದು ಅಳೆದು ಹಾಕಿದವನಿಗೆ, ಬಲವೆಂಬುದು ತಿಂಗಳೊಪ್ಪತ್ತಿನಲ್ಲಿ ಬರುವ ವಸ್ತುವಲ್ಲವೆಂಬುದು ಗೊತ್ತು.

ಕನ್ನಡ ಸಾಹಿತ್ಯದ ವಿದ್ಯಾರ್ಥಿಗೆ ಇನ್ನೂ ಹತ್ತಿರದ ನಿದರ್ಶನ ದಿವಂಗತ ಕೆ. ವಿ. ಅಯ್ಯರ್ ಅವರದು. ‘ಶಾಂತಲಾ’, ‘ರೂಪದರ್ಶಿ’ಗಳ ಕರ್ತೃವೆಂದು ನಾವು ಪಾಠ ಹೇಳುವ ಈ ಮಹನೀಯರು ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆಯನ್ನು ನಡೆಸಿ, ಅಂಗಸಾಧನೆಯ ವಿಷಯವಾಗಿ ಇಂಗ್ಲಿಷಿನಲ್ಲಿಯೂ ಗ್ರಂಥಗಳನ್ನು ಬರೆದು, ದೇಶವಿದೇಶಗಳಲ್ಲಿ ಹೆಸರಾದ ದೇಹದಾರ್ಢ್ಯಪಟು. ಸೂರ್ಯನಮಸ್ಕಾರವನ್ನೂ ಕಬ್ಬಿಣದ ಭಾರವನ್ನೂ ಒಂದೇ ಸಾಧನೆಯಲ್ಲಿ ಕೂಡಿಸಿದವರು. ಅವರ ಶಿಲ್ಪಸದೃಶ ದೇಹದ ಚಿತ್ರಗಳನ್ನು ನೋಡುವಾಗ ಒಂದು ಸಂಗತಿಯನ್ನು ನೆನೆಯಬೇಕು. ಪುರುಷತ್ವದ ಅಂತಃಸ್ರಾವವಾದ ಟೆಸ್ಟೊಸ್ಟೆರಾನನ್ನು ಪ್ರಯೋಗಶಾಲೆಯಲ್ಲಿ ಮೊದಲ ಬಾರಿಗೆ ತಯಾರಿಸಿದುದು ೧೯೩೫ರಲ್ಲಿ. ಅಯ್ಯರ್ ಅವರ ಮೈಕಟ್ಟು ಅದಕ್ಕೆ ಮುಂಚಿನದು. ‘ಈ ಮಾತ್ರೆಗಳಿಲ್ಲದೆ ಅಂತಹ ದೇಹ ಸಾಧ್ಯವೇ ಇಲ್ಲ’ ಎನ್ನುವ ಹುಡುಗನಿಗೆ ಈ ಒಂದು ಇಸವಿಯೇ ಸಾಕಾದ ಉತ್ತರ.

ಈಗ ಶಬ್ದವಿಚಾರ. ‘ಸ್ಟೆರಾಯ್ಡ್’ ಎಂಬ ಮಾತು ನಮ್ಮ ಜನರ ಬಾಯಲ್ಲಿ ಎರಡು ಬೇರೆ ಬೇರೆ ಔಷಧಿಗಳಿಗೆ ಸಲ್ಲುತ್ತಿದೆ. ಉಬ್ಬಸಕ್ಕೆ, ಕೀಲುವಾತಕ್ಕೆ ವೈದ್ಯರು ಕೊಡುವ ಪ್ರೆಡ್ನಿಸೊಲೋನ್ ಮೊದಲಾದವು ಒಂದು ವರ್ಗ. ಪ್ರಸ್ತುತ ಲೇಖನ ಅವುಗಳನ್ನು ಕುರಿತದ್ದಲ್ಲ. ಇದನ್ನೋದಿದವರಾರೂ ವೈದ್ಯರು ಬರೆದುಕೊಟ್ಟ ಔಷಧಿಯನ್ನು ತಾವಾಗಿ ನಿಲ್ಲಿಸಕೂಡದು. ಇನ್ನೊಂದು ವರ್ಗ ‘ಅನಬಾಲಿಕ್ ಸ್ಟೆರಾಯ್ಡ್’; ಟೆಸ್ಟೊಸ್ಟೆರಾನನ್ನೂ ಅದರ ಅನುಕರಣದಲ್ಲಿ ಮಾಡಿದ ಕೃತಕ ವಸ್ತುಗಳನ್ನೂ ಹೀಗೆನ್ನುತ್ತಾರೆ. ಮಾಂಸಖಂಡಗಳ ಉಪಚಯವನ್ನುಂಟುಮಾಡುವುದರಿಂದ ‘ಉಪಚಯಕಾರಿ’ ಎಂದರೆ ಶಬ್ದಾರ್ಥಕ್ಕೆ ಹೊಂದೀತು. ಈ ವಸ್ತುಗಳಿಗೆಲ್ಲ ಮೂಲದ್ರವ್ಯ ಕೊಲೆಸ್ಟರಾಲ್. ಪಿತ್ತಕೋಶದ ಹರಳುಗಳಲ್ಲಿ ಮೊದಲು ದೊರೆತ ಕಾರಣ, ಗ್ರೀಕ್ ಭಾಷೆಯ ‘ಪಿತ್ತ’, ‘ಘನ’ ಎಂಬ ಅರ್ಥದ ಪದಗಳನ್ನು ಕೂಡಿಸಿ ಅದಕ್ಕೆ ಹೆಸರಿಟ್ಟರು. ‘ಕೊಲೆ’ ಎಂದರೆ ಅಲ್ಲಿ ಪಿತ್ತ. ನಮ್ಮಲ್ಲಿ ಏನೆಂಬುದನ್ನು ಹೇಳಬೇಕಾಗಿಲ್ಲ. ಶ್ಲೇಷೆ ನನ್ನದಲ್ಲ, ಭಾಷೆಗಳದು.

ಟೆಸ್ಟೊಸ್ಟೆರಾನಿನ ಸಂಶ್ಲೇಷಣೆಗೆ ಕಾರಣರಾದ ಬೂಟೆನಾಂಟ್ ಮತ್ತು ರುಜಿಚ್ಕಾ ಎಂಬ ರಸಾಯನವಿಜ್ಞಾನಿಗಳಿಗೆ ೧೯೩೯ರ ನೊಬೆಲ್ ಪಾರಿತೋಷಕ ಸಂದಿತು. ಆದರೆ ಈ ವಸ್ತುವನ್ನು ನುಂಗಿದರೆ ಫಲವಿರಲಿಲ್ಲ. ಏಕೆಂಬುದನ್ನು ತಿಳಿಯಲು ಯಕೃತ್ತಿನ ಪರಿಚಯ ಬೇಕು.

ಬಲಪಕ್ಕೆಯ ಎಲುಬುಗಳ ಮರೆಯಲ್ಲಿ, ಸುಮಾರು ಒಂದೂವರೆ ಕಿಲೋಗ್ರಾಂ ತೂಕದ ಈ ಅವಯವವನ್ನು ನಮ್ಮ ಪಠ್ಯಪುಸ್ತಕಗಳು ಪಿತ್ತಜನಕಾಂಗವೆನ್ನುತ್ತವೆ. ಪಿತ್ತವನ್ನು ಉತ್ಪಾದಿಸುವುದು ಅದರ ಹತ್ತಾರು ಕಾರ್ಯಗಳಲ್ಲಿ ಒಂದು ಮಾತ್ರವಾದುದರಿಂದ ನನಗೆ ಹಳೆಯ ಯಕೃತ್ ಶಬ್ದವೇ ಲೇಸೆನಿಸುತ್ತದೆ. ಕರುಳಿನಲ್ಲಿ ಹೀರಲ್ಪಟ್ಟ ಆಹಾರವೂ ಔಷಧಿಯೂ ನೇರವಾಗಿ ಹೃದಯಕ್ಕೆ ಹೋಗುವುದಿಲ್ಲ. ಪ್ರತ್ಯೇಕವಾದೊಂದು ರಕ್ತನಾಳದ ಮೂಲಕ ಮೊದಲು ಯಕೃತ್ತಿಗೆ ಬರುತ್ತವೆ. ನಮ್ಮ ಬನವಾಸಿನಾಡಿನ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳಗಳೆಂಬ ಸುಂಕಗಳ ಹೆಸರು ಮೇಲಿಂದ ಮೇಲೆ ಬರುತ್ತದೆ. ಪೇಟೆಗೆ ಬರುವ ಹೇರೆಲ್ಲ ಸುಂಕದ ಕಟ್ಟೆಯನ್ನು ಹಾಯ್ದೇ ಬರಬೇಕು. ಯಕೃತ್ತು ಅಂತಹ ಸುಂಕದ ಕಟ್ಟೆ. ಬಂದ ಹೇರನ್ನು ಬಿಚ್ಚಿ ನೋಡಿ, ಬೇಕಾದುದನ್ನು ಒಳಗೆ ಬಿಟ್ಟು, ಬೇಡವಾದುದನ್ನು ಒಡೆದು ಪಿತ್ತದ ಮೂಲಕವೋ ಮೂತ್ರದ ಮೂಲಕವೋ ಹೊರಗೆ ಹಾಕುತ್ತದೆ. ನುಂಗಿದ ಟೆಸ್ಟೊಸ್ಟೆರಾನಿನ ಬಹುಭಾಗ ಇಲ್ಲಿಯೇ ಒಡೆದುಹೋಗುತ್ತಿತ್ತು.

ಇದನ್ನು ತಪ್ಪಿಸಲು ರಸಾಯನಶಾಸ್ತ್ರಜ್ಞರು ಒಂದು ಉಪಾಯ ಹೂಡಿದರು. ಸ್ಟೆರಾಯ್ಡಿನ ಅಣುವಿನಲ್ಲಿ ಇಂಗಾಲದ ಪರಮಾಣುಗಳಿಗೆ ಎಣಿಕೆಯ ಸಂಖ್ಯೆಗಳಿವೆ. ಅವುಗಳಲ್ಲಿ ೧೭ನೆಯದಕ್ಕೆ ಮಿಥೈಲ್ ಎಂಬ ಸಣ್ಣದೊಂದು ತುಣುಕನ್ನು ಜೋಡಿಸಿದರು. ಒಂದು ಕಾಗುಣಿತ ತಿದ್ದಿದಂತೆ, ಅಷ್ಟೆ. ಆದರೆ ಆ ತಿದ್ದುಪಡಿಯಿಂದ ಯಕೃತ್ತಿಗೆ ಆ ಹೇರನ್ನು ಬಿಚ್ಚುವುದೇ ಕಷ್ಟವಾಯಿತು. ಮಾತ್ರೆ ಸುಂಕದವನ ಕಣ್ಣಿಗೆ ಮಣ್ಣೆರಚಿ ರಕ್ತಕ್ಕೆ ಸೇರಿತು. ಮೀಥೈಲ್ ಟೆಸ್ಟೊಸ್ಟೆರಾನ್, ಮೆಥಾಂಡಿಯೆನೋನ್, ಸ್ಟಾನೊಜೊಲಾಲ್, ಆಕ್ಸಿಮೆಥೊಲೋನ್, ಆಕ್ಸಾಂಡ್ರೊಲೋನ್ ಇವೆಲ್ಲ ಈ ಕುಲದವು. ಇಲ್ಲಿಯೇ ಈ ಲೇಖನದ ಮುಖ್ಯ ಮಾತು ಅಡಗಿದೆ. ಯಕೃತ್ತಿಗಾಗುವ ಹಾನಿ ಈ ಮಾತ್ರೆಗಳ ಕಲಬೆರಕೆಯಿಂದಲೋ ಕಳಪೆ ತಯಾರಿಕೆಯಿಂದಲೋ ಬಂದುದಲ್ಲ. ಯಾವ ಗುಣದಿಂದ ಮಾತ್ರೆ ಮಾತ್ರೆಯಾಗಿ ಕೆಲಸಮಾಡುವುದೋ ಆ ಗುಣವೇ ಯಕೃತ್ತಿಗೆ ಪೆಟ್ಟು. ‘ಒಳ್ಳೆಯ ಕಂಪನಿಯದು, ಏನೂ ಆಗುವುದಿಲ್ಲ’ ಎಂಬ ಸಮಾಧಾನಕ್ಕೆ ಅವಕಾಶವೇ ಇಲ್ಲ.

ಇದು ಹೊಸದಾಗಿ ಕಂಡುಕೊಂಡ ಸತ್ಯವೂ ಅಲ್ಲ. ಮೀಥೈಲ್ ಟೆಸ್ಟೊಸ್ಟೆರಾನ್ ಸೇವಿಸಿದವರಲ್ಲಿ ಕಾಮಾಲೆ ಕಾಣಿಸಿಕೊಂಡುದನ್ನು ೧೯೪೦ರ ದಶಕದ ಕೊನೆಯಲ್ಲಿಯೇ ವೈದ್ಯರು ದಾಖಲಿಸಿದ್ದರು. ‘ಡಯನಬಾಲ್’ ಎಂಬ ಹೆಸರಿನಲ್ಲಿ ಮೆಥಾಂಡಿಯೆನೋನ್ ಅಮೆರಿಕದ ಪೇಟೆಗೆ ಬಂದುದು ೧೯೫೮ರಲ್ಲಿ. ಅಲ್ಲಿನ ಭಾರ ಎತ್ತುವವರ ತಂಡದ ವೈದ್ಯ ಜಾನ್ ಜೀಗ್ಲರ್ ಇದನ್ನು ತನ್ನ ಪಟುಗಳಿಗೆ ಅಲ್ಪಪ್ರಮಾಣದಲ್ಲಿ ಕೊಡತೊಡಗಿದ. ಅವರೋ ಹೇಳಿದುದರ ಹಲವು ಪಟ್ಟು ನುಂಗಿದರು. ಇದನ್ನು ಕಂಡು ಬೆದರಿದ ಆತ ಕೈಬಿಟ್ಟು, ಆಮೇಲೆ ತಾನು ಮಾಡಿದುದಕ್ಕೆ ಪರಿತಪಿಸಿದ. ಒಲಿಂಪಿಕ್ ಕ್ರೀಡೆಗಳಲ್ಲಿ ಈ ವಸ್ತುಗಳ ಪರೀಕ್ಷೆ ೧೯೭೬ರ ಮಾಂಟ್ರಿಯಲ್‌ನಲ್ಲಿ ಆರಂಭವಾಯಿತು. ೧೯೮೮ರಲ್ಲಿ ಸಿಯೋಲ್‌ನಲ್ಲಿ ನೂರು ಮೀಟರ್ ಓಡಿ ಗೆದ್ದ ಬೆನ್ ಜಾನ್ಸನ್‌ನ ಮೂತ್ರದಲ್ಲಿ ಸಿಕ್ಕಿದ್ದು ಸ್ಟಾನೊಜೊಲಾಲ್.

ಪೆಟ್ಟು ಬೀಳುವ ಬಗೆ ಹೀಗೆ. ಯಕೃತ್ತಿನ ಕಣಗಳು ತಾವು ತಯಾರಿಸಿದ ಪಿತ್ತವನ್ನು ಎಳೆಗಿಂತ ಸಣ್ಣ ನಾಳಗಳಿಗೆ ಸದಾ ತಳ್ಳುತ್ತಿರಬೇಕು. ಈ ಮಾತ್ರೆಗಳು ಆ ತಳ್ಳುವ ಕೆಲಸವನ್ನೇ ಕುಂಠಿತಗೊಳಿಸುತ್ತವೆ. ಎಲ್ಲಿಯೂ ಹರಳಿಲ್ಲ, ಅಡ್ಡಿಯಿಲ್ಲ. ಆದರೂ ತೂಬು ಕಟ್ಟಿದ ಕೆರೆಯಂತೆ ಪಿತ್ತ ಒಳಗೇ ನಿಂತು ರಕ್ತಕ್ಕೆ ಹಿಮ್ಮರಳುತ್ತದೆ. ಮೊದಲು ಆಯಾಸ, ಅರುಚಿ, ಓಕರಿಕೆ. ಅನಂತರ ಮೈಯೆಲ್ಲ ತುರಿಕೆ. ದದ್ದಿಲ್ಲ, ಗುಳ್ಳೆಯಿಲ್ಲ, ರಾತ್ರಿ ನಿದ್ದೆಗೊಡದ ತುರಿಕೆ. ಮೂತ್ರ ಕಡುಚಹದ ಬಣ್ಣಕ್ಕೆ ತಿರುಗುತ್ತದೆ, ಮಲ ಬಿಳಿಚಿಕೊಳ್ಳುತ್ತದೆ, ಕಣ್ಣಿನ ಬಿಳಿಭಾಗ ಹಳದಿಯಾಗುತ್ತದೆ. ಕಾಮಾಲೆಯವನಿಗೆ ಕಾಣುವುದೆಲ್ಲ ಹಳದಿಯೆಂದು ನಮ್ಮ ಗಾದೆ ಹೇಳುವುದಾದರೂ, ವಸ್ತುತಃ ಅವನಿಗೆ ಲೋಕ ಹಳದಿಯಾಗಿ ಕಾಣುವುದಿಲ್ಲ. ಲೋಕಕ್ಕೆ ಅವನ ಕಣ್ಣು ಹಳದಿಯಾಗಿ ಕಾಣುತ್ತದೆ. ಎಷ್ಟೋ ವೇಳೆ ಮೊದಲು ಕಾಣುವವರು ತಾಯಿ ಅಥವಾ ತರಗತಿಯ ಉಪಾಧ್ಯಾಯರು.

ನನ್ನ ಹಳೆಯ ಶಿಷ್ಯನೊಬ್ಬನ ಸಂಗತಿಯನ್ನು ಅವನ ಅನುಮತಿ ಪಡೆದು, ಹೆಸರು ಬಿಟ್ಟು ಹೇಳುತ್ತೇನೆ. ಕೆಲಸಕ್ಕೆಂದು ಬೆಂಗಳೂರು ಸೇರಿದ ಹುಡುಗ. ಅಲ್ಲಿ ದೇಹದಾರ್ಢ್ಯ ಸ್ಪರ್ಧೆಗೆ ಸಿದ್ಧನಾಗುತ್ತ, ಯಾರೋ ಹೇಳಿದರೆಂದು ಎರಡು ತಿಂಗಳಿಗೂ ಮಿಕ್ಕಿ ಮಾತ್ರೆ ನುಂಗಿದ್ದ. ಊರಿಗೆ ಬಂದಾಗ ಕಣ್ಣು ಅರಿಶಿನ. ಮನೆಯವರು ಕಾಮಾಲೆಯೆಂದು ಊರ ಔಷಧಿ ಕೊಡಿಸಿ, ಉಪ್ಪು, ಎಣ್ಣೆ ಬಿಡಿಸಿ ಪಥ್ಯಕ್ಕೆ ಹಾಕಿದರು. ಹುಡುಗ ಪಥ್ಯವನ್ನು ತಪ್ಪದೆ ಮಾಡಿದ, ಮಾತ್ರೆಯನ್ನೂ ತಪ್ಪದೆ ನುಂಗಿದ. ಮೂರು ವಾರಗಳ ಮೇಲೆ ವೈದ್ಯರಲ್ಲಿಗೆ ಹೋದಾಗ, ‘ಏನಾದರೂ ಮಾತ್ರೆ ತೆಗೆದುಕೊಳ್ಳುತ್ತೀಯೇನಪ್ಪಾ?’ ಎಂಬ ಪ್ರಶ್ನೆಗೆ ತಾಯಿಯ ಎದುರಿನಲ್ಲಿ ‘ಇಲ್ಲ’ವೆಂದ. ಮದ್ಯವೋ ವೈರಾಣುವೋ ಎಂದು ಹುಡುಕುವುದರಲ್ಲಿ ಮತ್ತೆ ಕೆಲವು ದಿನ ಹೋಯಿತು. ಕಡೆಗೆ ವೈದ್ಯರು ತಾಯಿಯನ್ನು ಹೊರಗೆ ಕೂರಿಸಿ ಕೇಳಿದಾಗ ಹುಡುಗ ಅತ್ತು ಹೇಳಿದ. ಆ ಹೊತ್ತಿಗೆ ರಕ್ತದ ಬಿಲಿರುಬಿನ್ ಇರಬೇಕಾದುದರ ಇಪ್ಪತ್ತು ಪಟ್ಟು ಮೀರಿತ್ತು. ಮಾತ್ರೆ ನಿಂತಿತು, ತುರಿಕೆ ಅಡಗಲು ತಿಂಗಳು, ಕಣ್ಣು ಬೆಳ್ಳಗಾಗಲು ಎರಡು ತಿಂಗಳಿಗೂ ಹೆಚ್ಚು ಹಿಡಿಯಿತು. ‘ಗುರುಗಳೇ, ಅವ್ವನ ಎದುರಿಗೆ ಹೇಗೆ ಹೇಳಲಿ?’ ಎಂದು ಅವನು ನನ್ನನ್ನು ಆಮೇಲೆ ಕೇಳಿದ. ಈ ಪ್ರಶ್ನೆಯೇ ನನ್ನಿಂದ ಈ ಲೇಖನವನ್ನು ಬರೆಸಿತು.

ಊರ ಔಷಧಿಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ಅದರ ಕೀರ್ತಿಯ ಮೂಲವನ್ನು ತಿಳಿಯಬೇಕು. ನೀರು, ಆಹಾರಗಳಿಂದ ಹರಡುವ ವೈರಾಣುವಿನ ಕಾಮಾಲೆ ಬಹುಮಟ್ಟಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುವಂತಹುದು. ಆ ಅವಧಿಯಲ್ಲಿ ಏನು ಕೊಟ್ಟರೂ ಗುಣ ಅದರ ಪಾಲಿಗೆ ಸಲ್ಲುತ್ತದೆ. ಮಾತ್ರೆಯಿಂದ ಬಂದ ಕಾಮಾಲೆಯಾದರೋ ಮಾತ್ರೆ ನಿಲ್ಲುವವರೆಗೆ ಇಳಿಯುವುದಿಲ್ಲ. ಜಿಮ್ಮಿನ ಹುಡುಗರು ಮಾತ್ರೆಯ ಜೊತೆಗೆ ‘ಲಿವರ್ ಟಾನಿಕ್’ ಕುಡಿದರೆ ಕ್ಷೇಮವೆಂದು ನಂಬುವುದೂ ಇದೇ ಜಾತಿಯ ಭ್ರಮೆ. ಅದು ರಕ್ಷೆಯೆಂಬುದಕ್ಕೆ ದೃಢವಾದ ಆಧಾರವಿಲ್ಲ.

ಕಾಮಾಲೆಯಾದರೂ ಕೂಗಿ ಹೇಳುವ ರೋಗ. ವರ್ಷಗಟ್ಟಲೆ ಸೇವಿಸಿದವರಲ್ಲಿ ಸದ್ದಿಲ್ಲದೆ ಬೆಳೆಯುವ ಕೇಡುಗಳು ಬೇರೆ ಇವೆ. ಯಕೃತ್ತಿನೊಳಗೆ ರಕ್ತ ತುಂಬಿದ ಗುಳಿಗಳಾಗುವುದು ಒಂದು. ಗೆಡ್ಡೆ ಬೆಳೆಯುವುದು ಇನ್ನೊಂದು. ಎರಡೂ ಬಿರಿದರೆ ಹೊಟ್ಟೆಯೊಳಗೆ ರಕ್ತಸ್ರಾವವಾಗಿ ಪ್ರಾಣಾಪಾಯ. ಗೆಡ್ಡೆಗಳಲ್ಲಿ ಅನೇಕವು ಔಷಧಿ ಬಿಟ್ಟ ಮೇಲೆ ಕುಗ್ಗುವುದುಂಟು. ಅಪರೂಪವಾಗಿ ಕ್ಯಾನ್ಸರಾಗಿ ಪರಿಣಮಿಸುವುದೂ ಉಂಟು. ‘ಹಾಗಾದರೆ ಚುಚ್ಚುಮದ್ದು ತೆಗೆದುಕೊಳ್ಳುತ್ತೇವೆ, ಯಕೃತ್ತಿಗೆ ತೊಂದರೆಯಿಲ್ಲ’ ಎನ್ನುವ ಜಾಣರಿದ್ದಾರೆ. ಟೆಸ್ಟೊಸ್ಟೆರಾನ್, ನ್ಯಾಂಡ್ರೊಲೋನ್ ಚುಚ್ಚುಮದ್ದುಗಳು ಯಕೃತ್ತನ್ನು ಮಾತ್ರೆಗಳಷ್ಟು ಬಾಧಿಸವೆಂಬುದು ನಿಜ. ಆದರೆ ಒಬ್ಬರ ಸೂಜಿಯನ್ನು ಇನ್ನೊಬ್ಬರು ಬಳಸಿದಲ್ಲಿ ಹೆಪಟೈಟಿಸ್ ಬಿ, ಸಿ ವೈರಾಣುಗಳು ಅದೇ ಯಕೃತ್ತನ್ನು ಹಿಂಬಾಗಿಲಿನಿಂದ ಹಿಡಿಯುತ್ತವೆ. ಇನ್ನು ಹೃದಯದ ಗೋಡೆ ದಪ್ಪವಾಗುವುದು, ಒಳ್ಳೆಯ ಕೊಲೆಸ್ಟರಾಲ್ ಇಳಿಯುವುದು, ವೃಷಣಗಳು ಕುಗ್ಗಿ ಸಂತಾನಶಕ್ತಿ ಕುಂದುವುದು ಎಲ್ಲ ಬಗೆಗೂ ಸಮಾನ. ಎಲುಬಿನ ಬೆಳವಣಿಗೆ ಮುಗಿಯದ ಹದಿವಯಸ್ಸಿನವರಲ್ಲಿ ಎಲುಬಿನ ತುದಿಗಳು ಅಕಾಲದಲ್ಲಿ ಬೆಸೆದು ಎತ್ತರ ಅಲ್ಲಿಗೇ ನಿಲ್ಲುತ್ತದೆ. ಪ್ರೌಢಶಾಲೆಯವರು ಇದನ್ನು ವಿಶೇಷವಾಗಿ ಗಮನಿಸಬೇಕು.

ರಕ್ತಪರೀಕ್ಷೆಯಲ್ಲಿಯೂ ಒಂದು ತೊಡಕಿದೆ. ಯಕೃತ್ತಿನ ಪರೀಕ್ಷೆಯೆಂದು ನೋಡುವ ಎ.ಎಸ್.ಟಿ., ಎ.ಎಲ್.ಟಿ. ಎಂಬ ಕಿಣ್ವಗಳು ಮಾಂಸಖಂಡಗಳಲ್ಲಿಯೂ ಇವೆ. ಹಿಂದಿನ ದಿನ ಕಠಿನವಾಗಿ ಭಾರ ಎತ್ತಿದವನಲ್ಲಿ, ಅವನು ಯಾವ ಔಷಧಿಯನ್ನೂ ಮುಟ್ಟದಿದ್ದರೂ, ಅವು ಏರಿರಬಹುದು. ನಿರಪರಾಧಿಯಾದ ಹುಡುಗನ ಮೇಲೆ ಇಷ್ಟರಿಂದಲೇ ಸಂಶಯಪಡುವುದು ಅನ್ಯಾಯ. ಪ್ರತಿಯಾಗಿ, ಮಾತ್ರೆಯ ಕಾಮಾಲೆಯಲ್ಲಿ ಈ ಕಿಣ್ವಗಳು ಸ್ವಲ್ಪವೇ ಏರಿ, ಬಿಲಿರುಬಿನ್ ಮಾತ್ರ ಬಹಳ ಏರಿರುವುದುಂಟು. ಆದಕಾರಣ ಬಿಲಿರುಬಿನ್, ಜಿ.ಜಿ.ಟಿ.ಗಳನ್ನೂ ಸ್ನಾಯುವಿನ ಸಿ.ಕೆ.ಯನ್ನೂ ಕೂಡಿಸಿ ನೋಡಿ ವೈದ್ಯರು ನಿರ್ಣಯಿಸುತ್ತಾರೆ. ಕಾಗದದ ಮೇಲಿನ ಒಂದು ಅಂಕಿಯನ್ನು ಮೊಬೈಲಿನಲ್ಲಿ ಹುಡುಕಿ ಸಮಾಧಾನಪಡುವವರಿಗೆ ಈ ಮಾತು.

ಮಾತ್ರೆಯೆಂದು ತಿಳಿದು ನುಂಗುವವರ ಕಥೆ ಇದಾದರೆ, ತಿಳಿಯದೆ ಸೇವಿಸುವವರ ಕಥೆಯೂ ಉಂಟು. ಘಟ್ಟದ ಕೆಳಗಿನ ಸಿದ್ದಾಪುರದವರಾದ ಓಟಗಾರ್ತಿ ಅಶ್ವಿನಿ ಅಕ್ಕುಂಜಿ ೨೦೧೦ರ ದೆಹಲಿ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿಯೂ ಗ್ವಾಂಗ್‌ಜೌ ಏಷ್ಯನ್ ಕ್ರೀಡೆಗಳಲ್ಲಿಯೂ ಚಿನ್ನ ಗೆದ್ದು ನಾಡಿಗೆ ಕೀರ್ತಿ ತಂದವರು. ೨೦೧೧ರಲ್ಲಿ ಅವರೂ ರಾಷ್ಟ್ರೀಯ ಶಿಬಿರದ ಇತರ ಕೆಲವು ಓಟಗಾರ್ತಿಯರೂ ಅನಬಾಲಿಕ್ ಸ್ಟೆರಾಯ್ಡ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ತರಬೇತುದಾರರು ಕೊಟ್ಟ ಜಿನ್ಸೆಂಗ್ ಎಂಬ ಬೇರಿನ ಮಾತ್ರೆಯಲ್ಲಿ ಅದು ಬೆರೆತಿತ್ತೆಂಬುದು ಅವರ ವಾದ. ವಿಚಾರಣಾ ಸಮಿತಿ ಅದನ್ನು ಮನ್ನಿಸಿ ಒಂದು ವರ್ಷದ ನಿಷೇಧವನ್ನಷ್ಟೇ ವಿಧಿಸಿತು. ೨೦೧೨ರಲ್ಲಿ ಅಂತಾರಾಷ್ಟ್ರೀಯ ಕ್ರೀಡಾ ನ್ಯಾಯಮಂಡಲಿ ಅದನ್ನು ಎರಡು ವರ್ಷಕ್ಕೇರಿಸಿತು. ರಾಷ್ಟ್ರದ ಶಿಬಿರದಲ್ಲಿದ್ದವರಿಗೇ ಮಾತ್ರೆಯೊಳಗೇನಿದೆಯೆಂದು ತಿಳಿಯದಿದ್ದಲ್ಲಿ ನಮ್ಮ ಊರ ಹುಡುಗನಿಗೆ ಡಬ್ಬಿಯ ಪುಡಿಯ ಸತ್ಯ ತಿಳಿಯುವುದೆಂತು? ೨೦೨೪ರಲ್ಲಿ ಕೇರಳದ ಕೊಚ್ಚಿಯ ಯಕೃತ್‌ತಜ್ಞರು ನಮ್ಮ ದೇಶದಲ್ಲಿ ಮಾರಾಟವಾಗುವ ೩೬ ಪ್ರೋಟೀನ್ ಪುಡಿಗಳನ್ನು ಪರೀಕ್ಷಿಸಿ ಪ್ರಕಟಿಸಿದ ವರದಿಯಲ್ಲಿ, ಶೇಕಡಾ ೭೦ರಷ್ಟರಲ್ಲಿ ಡಬ್ಬಿಯ ಮೇಲಿನ ಬರಹಕ್ಕೂ ಒಳಗಿನ ಪ್ರೋಟೀನಿಗೂ ತಾಳೆಯಿರಲಿಲ್ಲ. ಕಾನೂನಿನ ಪ್ರಕಾರ ಅನಬಾಲಿಕ್ ಸ್ಟೆರಾಯ್ಡುಗಳು ಔಷಧ ನಿಯಮಗಳ ‘ಎಚ್’ ಅನುಸೂಚಿಗೆ ಸೇರಿದವು. ನೋಂದಾಯಿತ ವೈದ್ಯರ ಚೀಟಿಯಿಲ್ಲದೆ ಮಾರಕೂಡದು. ಚೀಟಿಯಿಲ್ಲದೆ ಕೊಡುವವನು, ಅವನೆಷ್ಟೇ ಸ್ನೇಹಿತನಾಗಿರಲಿ, ಅಪರಾಧಿ.

ಇನ್ನು ಉಪಾಧ್ಯಾಯರು ಮಾಡಬಹುದಾದುದು. ಕೆಲವೇ ವಾರಗಳಲ್ಲಿ ತೂಕ ಏರಿದ, ಬೆನ್ನು ಭುಜಗಳಲ್ಲಿ ಮೊಡವೆ ತುಂಬಿದ, ಎದೆಯಲ್ಲಿ ಗಂಟು ನೋವೆನ್ನುವ, ಕಾರಣವಿಲ್ಲದೆ ಸಿಡಿಮಿಡಿಗುಟ್ಟುವ ಹುಡುಗನನ್ನು ಕಂಡರೆ ತರಗತಿಯಲ್ಲಿ ಎದ್ದು ನಿಲ್ಲಿಸಿ ಕೇಳಬೇಡಿ. ಒಂಟಿಯಾಗಿ ಕರೆದು ಕೇಳಿ. ಶಾಲೆಗಳಿಗೆ ವ್ಯಾಯಾಮ ಸಾಮಗ್ರಿಗಳನ್ನು ಕೊಡಲು ಮುಂದೆ ಬರುವ ದಾನಿಗಳಲ್ಲಿ ನನ್ನ ಪ್ರಾರ್ಥನೆಯೆಂದರೆ, ಕಬ್ಬಿಣವನ್ನು ಕೊಟ್ಟಂತೆ ಅದನ್ನು ಹಿಡಿಯಲು ಕಲಿಸುವ ಶಿಕ್ಷಕನ ಸಂಬಳಕ್ಕೂ ಒಂದು ಪಾಲನ್ನು ಎತ್ತಿಡಬೇಕು. ಕಲಿಸುವವನಿಲ್ಲದ ಕಡೆ ಮಾರುವವನು ಬಂದು ನಿಲ್ಲುತ್ತಾನೆ. ಕಣ್ಣು ಹಳದಿಯಾದವನನ್ನು ಅಂದೇ ವೈದ್ಯರಲ್ಲಿಗೆ ಕಳುಹಿಸಬೇಕು. ಜೊತೆಗೆ ಹೋಗುವವರು ಒಳಗಿನ ಮಾತಿಗೆ ಹುಡುಗನನ್ನೂ ವೈದ್ಯರನ್ನೂ ಇಬ್ಬರನ್ನೇ ಬಿಟ್ಟು ಹೊರಗೆ ಕೂರಲಿ. ಅವನು ಸೇವಿಸುತ್ತಿದ್ದ ಮಾತ್ರೆಯ ಪಟ್ಟಿ, ಪುಡಿಯ ಡಬ್ಬಿ, ಚುಚ್ಚುಮದ್ದಿನ ಸೀಸೆ ಯಾವುದನ್ನೂ ಹೆದರಿ ಎಸೆಯದೆ, ಚೀಲದಲ್ಲಿ ಹಾಕಿ ಜೊತೆಗೆ ಒಯ್ಯಬೇಕು. ಅದರ ಮೇಲೆ ಬರೆದುದು ನಮಗೆ ಓದಲು ಬಾರದಿದ್ದರೂ ವೈದ್ಯರಿಗೆ ಅದು ಬೇಕಾಗುತ್ತದೆ.